ನಡುಹಗಲಿನ ಕುಡು ಬೇಟೆ

ಬೇಟೆಯೆಂದರೆ ನಸುಕಿನಲ್ಲೋ ಮುಸ್ಸಂಜೆಯಲ್ಲೋ ಹೊಂಚು ಹಾಕಿ ಕೂರುವುದು ಎಂದುಕೊಂಡವರಿಗೆ ಕಲಹಾರಿಯ ಸಾನ್ ಜನರ ಒಂದು ಪದ್ಧತಿ ವಿಚಿತ್ರವೆನಿಸೀತು. ಬೋಟ್ಸ್ವಾನಾದ ನಡುಭಾಗದ ಮುಳ್ಳುಪೊದೆಗಳ ಬಯಲಿನಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರಿದಾಗ ಅವರು ಹೊಟ್ಟೆ ತುಂಬ ನೀರು ಕುಡಿದು ಕುಡು ಹುಲ್ಲೆಯ ಹಿಂದೆ ಓಡತೊಡಗುತ್ತಾರೆ. ಅದು ಕುಸಿಯುವವರೆಗೂ ಓಟ ನಿಲ್ಲದು. ಈಟಿಯ ಕೆಲಸವೇನಿದ್ದರೂ ಕಟ್ಟಕಡೆಗೆ.

ಕುಡು ದೊಡ್ಡ ಪ್ರಾಣಿ. ಬಲಿತ ಗಂಡು ಇನ್ನೂರೈವತ್ತು ಕಿಲೋ ದಾಟುವುದುಂಟು. ನಮ್ಮ ಕೃಷ್ಣಮೃಗದಂತೆ ಇದರಲ್ಲೂ ತಿರುಚಿದ ಕೊಂಬು ಗಂಡಿಗೆ ಮಾತ್ರ. ಬಾಗನ್ನು ಹಿಡಿದು ಅಳೆದರೆ ಒಂದು ಮೀಟರಿಗೂ ಹೆಚ್ಚು. ಹುಲ್ಲಿಗಿಂತ ಎಲೆ, ಚಿಗುರು, ಕಾಯಿಗಳೇ ಇದರ ಮುಖ್ಯ ಮೇವು. ಹಾಗಾಗಿ ಬಟಾಬಯಲಿಗಿಂತ ಪೊದೆಗಳ ನಡುವೆ ಇದರ ವಾಸ. ಬೂದುಕಂದು ಮೈಮೇಲಿನ ತೆಳು ಬಿಳಿಗೆರೆಗಳು ನೆರಳುಬೆಳಕಿನಲ್ಲಿ ಬೆರೆತುಹೋಗುತ್ತವೆ. ಅಪಾಯ ಕಂಡರೆ ಮೊದಲು ಕಲ್ಲಿನಂತೆ ನಿಲ್ಲುತ್ತದೆ, ಆಮೇಲೆ ಒಂದೇ ನೆಗೆತಕ್ಕೆ ಮರೆಯಾಗುತ್ತದೆ. ಸ್ವಲ್ಪ ದೂರ ಹೋದದ್ದೇ ನಿಂತು ಹಿಂದಿರುಗಿ ನೋಡುವ ಚಾಳಿಯೂ ಇದಕ್ಕಿದೆ.

ಸಿಂಹದಿಂದ ಪಾರಾಗಲು ಇಷ್ಟು ಸಾಕು. ಸಿಂಹ ಬಹುದೂರ ಅಟ್ಟುವುದಿಲ್ಲ. ಮನುಷ್ಯ ಬಿಡದೆ ಹಿಂದೆ ಬಂದರೆ ಲೆಕ್ಕ ಬದಲಾಗುತ್ತದೆ. ಕುಡು ಮೈ ತಣಿಸಿಕೊಳ್ಳುವುದು ಹೆಚ್ಚಾಗಿ ಏದುಸಿರಿನಿಂದ. ನಾಗಾಲೋಟದಲ್ಲಿ ಅದು ಸರಿಯಾಗಿ ಸಾಗದು. ನಿಂತು ಏದುಸಿರು ಬಿಡಬೇಕು, ಅಷ್ಟರಲ್ಲಿ ಬೇಟೆಗಾರ ಬಂದಿರುತ್ತಾನೆ. ಅವನೋ ಬರಿಮೈಯಲ್ಲಿ ಬೆವರುತ್ತ, ಓಡುತ್ತಲೇ ತಣಿಯುತ್ತಾನೆ. ಇಪ್ಪತ್ತೈದು ಮೂವತ್ತು ಕಿಲೋಮೀಟರು ಹೀಗೇ ಸಾಗಿದರೆ ಕುಡುವಿನ ಮೈಯೊಳಗಿನ ಕಾವೇ ಅದನ್ನು ಕೆಡವುತ್ತದೆ.

ಓಟದ ಈ ಕಥೆಗೆ ಸಿಕ್ಕ ಪ್ರಚಾರ ದೊಡ್ಡದು. ಬಿಬಿಸಿಯ ಕ್ಯಾಮೆರಾ ಬಂತು. 2004ರಲ್ಲಿ ಬ್ರ್ಯಾಂಬಲ್ ಮತ್ತು ಲೀಬರ್ಮನ್ ಎಂಬ ವಿಜ್ಞಾನಿಗಳು ಮನುಷ್ಯನ ದೇಹವೇ ದೂರದ ಓಟಕ್ಕೆ ಒಗ್ಗಿಕೊಂಡು ರೂಪುಗೊಂಡಿದೆ ಎಂದು ವಾದಿಸಿದರು. ಆ ವಾದಕ್ಕೆ ವಿರೋಧವೂ ಇದೆ. ನನಗಂತೂ ಕಾಲಿಗಿಂತ ಕಣ್ಣಿನ ಕೆಲಸವೇ ದೊಡ್ಡದೆನಿಸುತ್ತದೆ. ಯಾಕೆಂದರೆ ಬಹುಪಾಲು ಹೊತ್ತು ಕುಡು ಕಾಣುವುದೇ ಇಲ್ಲ, ಕಾಣುವುದು ಮರಳಿನ ಮೇಲಿನ ಗೊರಸಿನ ಗುರುತಷ್ಟೆ.

ಈ ಬೇಟೆಗಳ ಜತೆ ತಾವೂ ಓಡಿ ದಾಖಲಿಸಿದ ದಕ್ಷಿಣ ಆಫ್ರಿಕಾದ ಲೂಯಿಸ್ ಲೀಬೆನ್‌ಬರ್ಗ್ 1990ರ ತಮ್ಮ ಪುಸ್ತಕದಲ್ಲಿ ಜಾಡು ಹಿಡಿಯುವುದರಲ್ಲೇ ವಿಜ್ಞಾನದ ಮೂಲವಿದೆ ಎಂದರು. ಯಾವ ಹೊತ್ತಿನಲ್ಲಿ ಯಾವ ಪ್ರಾಣಿ ಎಂಬ ಆಯ್ಕೆಯಿಂದಲೇ ಅದು ಶುರು. ಕುಡು ಬಿರುಬೇಸಿಗೆಯ ಬೇಟೆ. ಹುಣ್ಣಿಮೆಯ ಮರುದಿನವಾದರೆ ಇನ್ನೂ ಅನುಕೂಲ, ರಾತ್ರಿಯಿಡೀ ಓಡಾಡಿದ ಪ್ರಾಣಿ ದಣಿದಿರುತ್ತದೆ. ಗುಂಪಿನಲ್ಲಿ ಗಂಡಿನ ಹೆಜ್ಜೆಯನ್ನೇ ಆರಿಸುತ್ತಾರೆ. ಕೊಂಬಿನ ಭಾರಕ್ಕೆ ಅದು ಬೇಗ ಸೋಲುತ್ತದೆ. ಜಾಡು ತಪ್ಪಿದರೆ ಬೇಟೆಗಾರ ತಾನೇ ಕುಡುವಾಗಿ ಯೋಚಿಸಬೇಕು: ಈ ಬಿಸಿಲಲ್ಲಿ ನಾನಾಗಿದ್ದರೆ ಯಾವ ನೆರಳಿಗೆ ಹೋಗುತ್ತಿದ್ದೆ? ಊಹೆ ಮಾಡಿ ಮುಂದೆ ಹೋಗುತ್ತಾನೆ, ಗುರುತು ಸಿಗದಿದ್ದರೆ ಹಿಂದಿರುಗಿ ಬೇರೆ ಊಹೆ. ಓದುಬರಹ ಬಾರದ ಜಾಡುಗಾರರೂ ತಾವು ಕಂಡದ್ದನ್ನು ಚಿತ್ರ ಒತ್ತಿ ದಾಖಲಿಸಲಿ ಎಂದು ಲೀಬೆನ್‌ಬರ್ಗ್ ಮುಂದೆ ಸೈಬರ್‌ಟ್ರ್ಯಾಕರ್ ತಂತ್ರಾಂಶ ರೂಪಿಸಿದರು.

ಓಡಿ ಹಿಡಿಯುವ ಬೇಟೆ ಈಗ ಅಪರೂಪ. ನಾಯಿ, ಕುದುರೆಗಳು ಬಂದಮೇಲೆ ಆ ಕಷ್ಟ ಯಾರಿಗೆ ಬೇಕು? ಕಾನೂನೂ ಅಡ್ಡ ಬಂತು. ಮಧ್ಯ ಕಲಹಾರಿಯ ಮೀಸಲು ಪ್ರದೇಶದಿಂದ 1997 ಮತ್ತು 2002ರಲ್ಲಿ ಸರ್ಕಾರ ಅಲ್ಲಿನ ಜನರನ್ನು ಎಬ್ಬಿಸಿತು. 2006ರಲ್ಲಿ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. 2014ರಲ್ಲಿ ಬೋಟ್ಸ್ವಾನಾ ಬೇಟೆಯನ್ನೇ ನಿಷೇಧಿಸಿದಾಗ ಖಾಸಗಿ ಬೇಟೆ ಫಾರ್ಮ್‌ಗಳಿಗೆ ವಿನಾಯಿತಿ ಕೊಟ್ಟಿತು. ಕೊಂಬಿನ ಆಸೆಗೆ ಬರುವ ಶ್ರೀಮಂತನಿಗೆ ದಾರಿಯಿತ್ತು, ಮಾಂಸಕ್ಕೆ ಓಡುವವನಿಗಿರಲಿಲ್ಲ. ನಿಷೇಧ ತೆರವಾದದ್ದು 2019ರಲ್ಲಿ.

ಗಡಿಯಾಚೆ ನಮೀಬಿಯಾದಲ್ಲಿ ಜು ಹ್ವಾನ್ಸಿ ಎಂಬ ಸಾನ್ ಪಂಗಡದವರು ಬಿಲ್ಲುಬಾಣದ ಬೇಟೆಯನ್ನು ಉಳಿಸಿಕೊಂಡಿದ್ದಾರೆ. ಅವರಲ್ಲಿ ಮೂವರನ್ನು 2013ರಲ್ಲಿ ಪುರಾತತ್ವಜ್ಞರು ಫ್ರಾನ್ಸಿನ ಹಿಮಯುಗದ ಗುಹೆಗಳಿಗೆ ಕರೆದೊಯ್ದರು. ತ್ಯುಕ್ ದೊದುಬೇರ್ ಗುಹೆಯ ಮಣ್ಣಿನಲ್ಲಿ ಹಿಮ್ಮಡಿಯ ಗುರುತುಗಳಷ್ಟೇ ಮೂಡಿದ್ದವು. ಅದು ಯಾವುದೋ ಆಚರಣೆಯ ಕುಣಿತವಿರಬೇಕು ಎಂದು ವಿದ್ವಾಂಸರು ಊಹಿಸಿದ್ದರು. ಜಾಡುಗಾರರು ಬಗ್ಗಿ ನೋಡಿ, ಒಬ್ಬ ಗಂಡಸೂ ಒಬ್ಬ ಹುಡುಗನೂ ಜೇಡಿಮಣ್ಣು ತರಲು ಬಂದು ಹೋಗಿದ್ದಾರೆ ಎಂದರು.