ಹೊತ್ತು ತಪ್ಪದ ತಲೆನೋವು

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಯಾರಾದರೂ ತಲೆ ಹಿಡಿದುಕೊಂಡು ಕೂತರೆ ಮನೆಯವರು ಮೊದಲು ಕೇಳುವುದು, ‘ಬಿಸಲಾಗ ಅಡ್ಡಾಡಿದೇನು? ಹೊಟ್ಟಿಗಿ ಏನರ ತಿಂದೀಯೋ ಇಲ್ಲೋ?’ ಎಂದು. ಬಹುಪಾಲು ತಲೆನೋವಿಗೆ ಇದು ಸರಿಯಾದ ಪ್ರಶ್ನೆಯೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಬಿಸಿಲು ಅಂಥದ್ದು. ಆದರೆ ಬಿಸಿಲನ್ನೂ ಹಸಿವನ್ನೂ ಕಾಯದೆ ಬರುವ ತಲೆನೋವು ಒಂದಿದೆ. ಮಲಗಿ ಒಂದೆರಡು ತಾಸಾಗಿರುತ್ತದೆ, ಒಂದೇ ಕಣ್ಣಿನ ಹಿಂದೆ ಕಾದ ಸಲಾಕೆ ತಿರುವಿದಂತೆ ನೋವು ಏಳುತ್ತದೆ. ನಿನ್ನೆ ಒಂದೂವರೆಗೆ ಬಂದಿದ್ದರೆ ಇವತ್ತೂ ಹೆಚ್ಚುಕಡಿಮೆ ಒಂದೂವರೆಗೇ. ಇದು ಕ್ಲಸ್ಟರ್ ತಲೆನೋವು.

ಇದನ್ನು ಗುರುತಿಸಲು ದುಬಾರಿ ಯಂತ್ರ ಬೇಕಿಲ್ಲ, ನೋವು ಬಂದಾಗ ಮನುಷ್ಯನನ್ನು ನೋಡಿದರೆ ಸಾಕು. ನೋವಿರುವ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಅದೇ ಕಡೆಯ ಮೂಗಿನ ಹೊಳ್ಳೆ ಕಟ್ಟುತ್ತದೆ, ಇಲ್ಲವೇ ಸೋರುತ್ತದೆ. ರೆಪ್ಪೆ ಊದಿ ಇಳಿಬೀಳುತ್ತದೆ, ಪಾಪೆ ಕಿರಿದಾಗುತ್ತದೆ, ಹಣೆ ಬೆವರುತ್ತದೆ. ಇನ್ನೊಂದು ಕಡೆಯ ಮುಖ ಮಾತ್ರ ಎಂದಿನಂತೆಯೇ ಇರುತ್ತದೆ. ಮೈಗ್ರೇನ್ ಬಂದವರು ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಲು ಬಯಸುತ್ತಾರೆ. ಇವರಿಗೆ ಮಲಗಲಿಕ್ಕೇ ಆಗದು. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಾರೆ, ಕಣತಲೆಯನ್ನು ಮುಷ್ಟಿಯಿಂದ ಒತ್ತುತ್ತಾರೆ, ಕೆಲವರು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ಹದಿನೈದು ನಿಮಿಷದಿಂದ ಮೂರು ತಾಸಿನೊಳಗೆ ನೋವು ತಾನಾಗಿ ಇಳಿಯುತ್ತದೆ. ಬೆಳಿಗ್ಗೆ ಡಾಕ್ಟರ ಮುಂದೆ ಕೂತಾಗ ಮುಖದಲ್ಲಿ ಏನೂ ಕಾಣುವುದಿಲ್ಲ. ಕಾಯಿಲೆಯ ಹೆಸರು ಹೊರಬೀಳಲು ವರ್ಷಗಟ್ಟಲೆ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಅಷ್ಟರಲ್ಲಿ ಏನೇನೋ ನಡೆದುಹೋಗಿರುತ್ತದೆ. ಮೂಗು ಸೋರುವುದರಿಂದ ಸೈನಸ್ ಎಂದು ಆಂಟಿಬಯೋಟಿಕ್ ಕೋರ್ಸುಗಳು. ನೋವು ಮೇಲ್ದವಡೆಗೂ ಇಳಿಯುವುದರಿಂದ ಹಲ್ಲು ಕೀಳಿಸಿಕೊಂಡವರೂ ಇದ್ದಾರೆ. ಹೊತ್ತಿಗೆ ಸರಿಯಾಗಿ ಬಂದು ಹೋಗುವ ನೋವೆಂದರೆ ‘ಗಾಳಿ’ ಎಂದುಕೊಳ್ಳುವುದೂ ಸಹಜ. ಹಾಗೆ ಅಂದುಕೊಂಡವರನ್ನು ಬೈದು ಫಲವಿಲ್ಲ. ಕಾಯಿಲೆಯ ಗುರುತನ್ನು ಯಾರೂ ಹೇಳಿಕೊಡದಿದ್ದಾಗ ಜನ ತಮಗೆ ತಿಳಿದದ್ದನ್ನೇ ಹಿಡಿಯುತ್ತಾರೆ.

ನಮ್ಮ ರಾಜ್ಯದಲ್ಲಿ ತಲೆನೋವೆಂಬುದು ಸಣ್ಣ ಮಾತಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ಕೇಳಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 63.9 ಮಂದಿ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದ್ದರು. ಮೈಗ್ರೇನ್ ಶೇ. 25.2ರಷ್ಟಿತ್ತು, ಅದೂ ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು. ಈ ದೊಡ್ಡ ಗುಂಪಿನಲ್ಲಿ ಕ್ಲಸ್ಟರ್ ಕಾಣದೆ ಹೋಗುತ್ತದೆ. ಹೊರದೇಶಗಳ ಅಂದಾಜಿನಂತೆ ಅದು ಸಾವಿರಕ್ಕೆ ಒಬ್ಬರಿಗೆ. 2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಆಗಿನ ಐದು ತಾಲ್ಲೂಕುಗಳ ಜನಸಂಖ್ಯೆ 21.77 ಲಕ್ಷ. ಅದೇ ಅಂದಾಜು ಇಲ್ಲಿಗೂ ಹೊಂದುವುದಾದರೆ, ವಯಸ್ಕರನ್ನಷ್ಟೇ ಹಿಡಿದರೂ ಸಾವಿರಕ್ಕೂ ಹೆಚ್ಚು ಜನ ಈ ನೋವಿನವರಿರಬೇಕು. ಹೆಚ್ಚಿನವರಿಗೆ ಅದು ಕೆಲವು ವಾರ ಕಾಡಿ, ತಿಂಗಳುಗಟ್ಟಲೆ ಬಿಡುವು ಕೊಡುತ್ತದೆ. ನೂರರಲ್ಲಿ ಹತ್ತು ಹದಿನೈದು ಮಂದಿಗೆ ಬಿಡುವೇ ಇಲ್ಲ. ವರ್ಷವಿಡೀ ನೋವಿದ್ದು, ನಡುವೆ ಮೂರು ತಿಂಗಳಷ್ಟೂ ಬಿಡುವು ಸಿಗದಿದ್ದರೆ ಅದನ್ನು ದೀರ್ಘಕಾಲಿಕ ಕ್ಲಸ್ಟರ್ ಎನ್ನುತ್ತಾರೆ. ಕೆಲವರಿಗೆ ದಿನಕ್ಕೆ ಎಂಟು ಸಲದವರೆಗೂ ಬರಬಹುದು.

ನೋವು ಹೊತ್ತು ತಪ್ಪದೆ ಬರುವುದರಲ್ಲೇ ಕಾಯಿಲೆಯ ಬೇರಿನ ಸುಳಿವಿದೆ. ಮೆದುಳಿನ ನಡುವೆ, ಆಳದಲ್ಲಿ ಹೈಪೋಥಲಾಮಸ್ ಎಂಬ ಸಣ್ಣ ಭಾಗವಿದೆ. ನಿದ್ದೆ, ಎಚ್ಚರ, ಹಾರ್ಮೋನುಗಳ ಏರಿಳಿತ ಎಲ್ಲವೂ ದಿನದ ಲೆಕ್ಕಕ್ಕೆ ನಡೆಯುವಂತೆ ನೋಡಿಕೊಳ್ಳುವುದು ಇದೇ. 1998ರಲ್ಲಿ ಆರ್ನೆ ಮೇ, ಪೀಟರ್ ಗೋಡ್ಸ್‌ಬಿ ಮತ್ತು ಸಂಗಡಿಗರು ನೋವು ನಡೆಯುತ್ತಿರುವಾಗಲೇ ರೋಗಿಗಳ ಮೆದುಳನ್ನು ಪೆಟ್ ಸ್ಕ್ಯಾನ್ ಮಾಡಿದರು. ನೋವಿರುವ ಕಡೆಯ ಹೈಪೋಥಲಾಮಸ್ ಬಳಿ ಚಟುವಟಿಕೆ ಹೆಚ್ಚಿದ್ದು ಕಂಡಿತು. ರಕ್ತನಾಳ ಊದಿದ್ದರಿಂದಷ್ಟೇ ನೋವು ಎಂಬ ಹಳೆಯ ನಂಬಿಕೆ ಅಲ್ಲಿಂದ ಸಡಿಲವಾಯಿತು. ಮುಖದ ನೋವನ್ನು ಮೆದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರ ಕೆರಳಿದಾಗ ಮೆದುಳಿನ ಬುಡದಲ್ಲಿ ಇನ್ನೊಂದು ಕೇಂದ್ರವೂ ಎಚ್ಚರಗೊಳ್ಳುತ್ತದೆ. ಅದರ ಸಂದೇಶ ಮೂಗಿನ ಹಿಂದಿರುವ ಒಂದು ನರಗಂಟಿನ ಮೂಲಕ ಕಣ್ಣೀರು ಗ್ರಂಥಿಗೂ ಮೂಗಿನ ಒಳಪೊರೆಗೂ ಹೋಗುತ್ತದೆ. ಆದ್ದರಿಂದ ಕಣ್ಣೀರು ಬರುವುದು ಅಳುವಿನಿಂದಲ್ಲ, ಮೂಗು ಸೋರುವುದು ನೆಗಡಿಯಿಂದಲ್ಲ.

ಈಗ ಮದ್ದಿನ ಮಾತು. ಪ್ಯಾರಸಿಟಮಾಲ್ ಗುಳಿಗೆ ಇಲ್ಲಿ ಕೆಲಸಕ್ಕೆ ಬಾರದು. ಬಾಯಿಂದ ನುಂಗಿದ್ದು ರಕ್ತಕ್ಕೆ ಸೇರುವಷ್ಟರಲ್ಲಿ ನೋವು ಶಿಖರ ಮುಟ್ಟಿರುತ್ತದೆ. ನೋವು ನಿಲ್ಲಿಸುವ ಎರಡು ಸಾಧನಗಳಲ್ಲಿ ಒಂದು ಸುಮಾಟ್ರಿಪ್ಟಾನ್, ಚರ್ಮದಡಿ ಚುಚ್ಚುವ 6 ಮಿಲಿಗ್ರಾಂ. ಹೃದ್ರೋಗ ಇರುವವರು ಅದನ್ನು ತೆಗೆದುಕೊಳ್ಳಬಾರದು. ಇನ್ನೊಂದು ಆಮ್ಲಜನಕ. ಲಂಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೋವು ಬಂದಾಗ ಒಮ್ಮೆ ಶುದ್ಧ ಆಮ್ಲಜನಕವನ್ನೂ ಇನ್ನೊಮ್ಮೆ ಬರೀ ಗಾಳಿಯನ್ನೂ ಮಾಸ್ಕಿನಲ್ಲಿ ಕೊಟ್ಟರು. ಯಾವುದು ಯಾವುದೆಂದು ರೋಗಿಗೆ ಗೊತ್ತಿರಲಿಲ್ಲ. ನಿಮಿಷಕ್ಕೆ 12 ಲೀಟರಿನಂತೆ ಕೊಟ್ಟ ಆಮ್ಲಜನಕ ಹದಿನೈದು ನಿಮಿಷದಲ್ಲಿ ಶೇ. 78 ಸಲ ನೋವನ್ನು ಪೂರ್ತಿ ಇಲ್ಲವೇ ಸಾಕಷ್ಟು ಇಳಿಸಿತು. ಗಾಳಿ ಇಳಿಸಿದ್ದು ಶೇ. 20 ಸಲ ಮಾತ್ರ.

ನನ್ನನ್ನು ಕಾಡುವುದು ಇದೇ. 2021ರ ಕೋವಿಡ್ ಎರಡನೇ ಅಲೆಯ ಸಂಕಟ ಕಂಡ ಮೇಲೆ ಆಮ್ಲಜನಕವೆಂಬುದು ಜಿಲ್ಲಾ ಆಸ್ಪತ್ರೆಗೆ ಮಾತ್ರ ಸೇರಿದ ವಸ್ತುವಾಗಿ ಉಳಿದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಲಿಂಡರ್ ಇದೆ, ಮಾಸ್ಕ್ ಇದೆ, ಹಾಕಲು ಬಲ್ಲ ನರ್ಸ್ ಇದ್ದಾರೆ. ಅದೇ ಕೋವಿಡ್ ಎಲ್ಲರಿಗೂ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡುವುದನ್ನೂ ಕಲಿಸಿತು. ಕ್ಲಸ್ಟರ್ ರೋಗಿಯ ಬೆರಳಲ್ಲಿ ಅದು 98 ತೋರಿಸುತ್ತದೆ. ‘ನಿಮಗ ಆಕ್ಸಿಜನ್ ಏನ್ ಬೇಕಾಗಿಲ್ರಿ’ ಎಂದು ಹಿಂದೆ ಕಳಿಸಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಇಲ್ಲಿ ಆಮ್ಲಜನಕ ಕೊಡುವುದು ಕೊರತೆ ತುಂಬಲು ಅಲ್ಲ, ಅದೇ ಮದ್ದು. ಕೊಡುವ ರೀತಿಯೂ ಮುಖ್ಯ. ಮೂಗಿಗೆ ಸಿಕ್ಕಿಸುವ ತೆಳು ನಳಿಕೆಯಲ್ಲಿ ನಿಮಿಷಕ್ಕೆ ಎರಡು ಲೀಟರ್ ಬಿಟ್ಟರೆ ಏನೂ ಆಗದು. ಕೆಳಗೆ ಚೀಲವಿರುವ ನಾನ್-ರೀಬ್ರೀದರ್ ಮಾಸ್ಕ್ ಬೇಕು, ಮುಖಕ್ಕೆ ಬಿಗಿಯಾಗಿ ಕೂರಬೇಕು, 12 ಲೀಟರ್ ಬಿಡಬೇಕು. ರೋಗಿ ಕೂತು ಮುಂದಕ್ಕೆ ಬಾಗಿ, ನೋವು ಶುರುವಾದ ಕೂಡಲೇ ಉಸಿರಾಡಬೇಕು. ಕೋವಿಡ್ ಕಾಲದಲ್ಲಿ ಕೊಂಡ 5 ಲೀಟರಿನ ಕಾನ್ಸಂಟ್ರೇಟರ್ ಇದಕ್ಕೆ ಸಾಲದು.

ಮನೆಯಲ್ಲೇ ಸಿಲಿಂಡರ್ ಇಟ್ಟುಕೊಳ್ಳುವುದಾದರೆ ಲೆಕ್ಕ ಹೀಗೆ: ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ, ಅಂದರೆ ಒಂದು ಸಲಕ್ಕೆ 180 ಲೀಟರ್. ಸುಮಾರು 1,500 ಲೀಟರ್ ಹಿಡಿಯುವ ಬಿ-ಟೈಪ್ ಸಿಲಿಂಡರ್ ಎಂಟು ಸಲಕ್ಕೆ ಬರುತ್ತದೆ. 7,000 ಲೀಟರಿನ ಜಂಬೋ ಮೂವತ್ತೆಂಟು ಸಲಕ್ಕೆ. ದಿನಕ್ಕೆ ಮೂರು ಸಲ ನೋವು ಬರುವವರಿಗೆ ಬಿ-ಟೈಪ್ ಮೂರು ದಿನವೂ ಬಾಳದು. ಸಿಲಿಂಡರ್ ಇರುವ ಕೋಣೆಯಲ್ಲಿ ಬೀಡಿ, ಊದಿನಕಡ್ಡಿ, ಒಲೆ ಯಾವುದೂ ಇರಬಾರದು. ಈ ರೋಗಿಗಳಲ್ಲಿ ಬೀಡಿ ಸಿಗರೇಟು ಸೇದುವವರು ಬಹಳ. ಶ್ವಾಸಕೋಶ ಆಗಲೇ ಕೆಟ್ಟಿದ್ದರೆ ಹೆಚ್ಚು ಆಮ್ಲಜನಕ ಅಪಾಯ ತರಬಹುದು, ಆದ್ದರಿಂದ ಡಾಕ್ಟರ ಚೀಟಿ ಇಲ್ಲದೆ ಇದಕ್ಕೆ ಕೈಹಾಕಬಾರದು.

ಆಮ್ಲಜನಕ ಬಂದ ನೋವನ್ನು ಇಳಿಸುತ್ತದೆ, ಬರುವುದನ್ನು ತಡೆಯದು. ತಡೆಯಲು ಮೊದಲ ಆಯ್ಕೆ ವೆರಾಪಮಿಲ್, ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ಹಳೆಯ ಮಾತ್ರೆ. ಕ್ಲಸ್ಟರಿಗೆ ದಿನಕ್ಕೆ 240 ಮಿಲಿಗ್ರಾಂನಿಂದ ಹಿಡಿದು ಕೆಲವರಿಗೆ 960ರವರೆಗೂ ಬೇಕಾಗುತ್ತದೆ. ಅಷ್ಟು ಪ್ರಮಾಣದಲ್ಲಿ ಅದು ಹೃದಯದ ವಿದ್ಯುತ್ ಸಂದೇಶವನ್ನು ತಡೆಯಬಹುದು. ಆದ್ದರಿಂದ ಪ್ರಮಾಣ ಏರಿಸುವಾಗೆಲ್ಲ ಇಸಿಜಿ ಆಗಲೇಬೇಕು. ವೆರಾಪಮಿಲ್ ಹೊಂದದವರಿಗೆ ಲಿಥಿಯಂ ಇದೆ. ಇದರ ಬಗ್ಗೆ ಈ ಭಾಗದವರಿಗೆ ಒಂದು ಮಾತು ಒತ್ತಿ ಹೇಳಬೇಕು. ಮೇ ತಿಂಗಳ ಉರಿಯಲ್ಲಿ ಹೊಲದಲ್ಲಿ ಬೆವರು ಹರಿಸಿ, ನೀರು ಸಾಲದೆ ಹೋದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಂಡು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳೂ ಅದನ್ನು ಏರಿಸುತ್ತವೆ. ಕೈ ನಡುಗಿದರೆ, ವಾಂತಿಯಾದರೆ, ನಡಿಗೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಈ ಮಾತ್ರೆಗಳಿಂದ ನೋವು ಹಿಡಿತಕ್ಕೆ ಬರಲು ವಾರಗಳು ಬೇಕು. ಅಲ್ಲಿಯವರೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಕೊಟ್ಟು ಪ್ರಮಾಣ ಇಳಿಸುತ್ತ ಬರುತ್ತಾರೆ, ಅಥವಾ ತಲೆಯ ಹಿಂಭಾಗದ ನರದ ಬಳಿ ಮರಗಟ್ಟಿಸುವ ಮದ್ದು ಮತ್ತು ಸ್ಟೆರಾಯ್ಡ್ ಸೇರಿಸಿ ಚುಚ್ಚುತ್ತಾರೆ. ಎರಡನೆಯದು ಹೊರರೋಗಿಯಾಗಿಯೇ ಮುಗಿಯುವ ಕೆಲಸ, ಗುಣ ಬಂದರೆ ವಾರಗಟ್ಟಲೆ ನಿಲ್ಲುತ್ತದೆ. ಗುಣ ಕಂಡಿತೆಂದು ಸ್ಟೆರಾಯ್ಡ್ ಮಾತ್ರೆಯನ್ನು ತಾವೇ ಕೊಂಡು ತಿಂಗಳುಗಟ್ಟಲೆ ನುಂಗಿದವರಿಗೆ ಸಕ್ಕರೆ ಕಾಯಿಲೆ ಬರಬಹುದು, ಸೊಂಟದ ಕೀಲಿನ ಮೂಳೆ ಸಾಯಬಹುದು. ಗಾಲ್ಕನೆಜುಮ್ಯಾಬ್ ಎಂಬ ಹೊಸ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಬಿಟ್ಟು ಬಿಟ್ಟು ಬರುವ ಬಗೆಗೆ ಮಾತ್ರ, ದೀರ್ಘಕಾಲಿಕ ಬಗೆಯಲ್ಲಿ ಪ್ರಯೋಗ ಫಲ ಕೊಡಲಿಲ್ಲ.

ಮೊದಲ ಸಲ ಹೀಗಾದವರಿಗೆ ಎಂಆರ್‌ಐ ಒಮ್ಮೆ ಬೇಕು. ಪಿಟ್ಯುಟರಿ ಗ್ರಂಥಿಯ ಗಡ್ಡೆಯೂ ಇದೇ ವೇಷದಲ್ಲಿ ಬರಬಹುದು. ಕಣ್ಣು ಕೆಂಪಾಗಿ ದೃಷ್ಟಿಯೂ ಮಂಜಾದರೆ ಗ್ಲಾಕೋಮಾ ಇರಬಹುದು, ತಡಮಾಡದೆ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ನೋವು ಅರ್ಧ ತಾಸಿನೊಳಗೇ ಮುಗಿದು ದಿನಕ್ಕೆ ಹಲವಾರು ಸಲ ಬರುತ್ತಿದ್ದರೆ ಅದು ಕ್ಲಸ್ಟರಿನ ದಾಯಾದಿ ಕಾಯಿಲೆ ಇರಬಹುದು. ಅದಕ್ಕೆ ಇಂಡೊಮೆಥಾಸಿನ್ ಎಂಬ ಹಳೆಯ ಮಾತ್ರೆ ಸಂಪೂರ್ಣ ಗುಣ ಕೊಡುತ್ತದೆ. ಈ ವ್ಯತ್ಯಾಸ ಹಿಡಿಯಲು ನರರೋಗ ತಜ್ಞರೇ ಬೇಕು. ಇಂಡಿಯವರು ಸೊಲ್ಲಾಪುರಕ್ಕೆ, ಉಳಿದವರು ವಿಜಯಪುರಕ್ಕೆ, ಅಲ್ಲಿಯೂ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದು ರೂಢಿ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಶುರುಮಾಡಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆಗುಳಿತನದ ಜೊತೆ ತಲೆನೋವೂ ಸೇರಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಅದರ ಕ್ಲಿನಿಕ್ ತೆರೆಯುವುದು ಯೋಜನೆಯ ಭಾಗ.

ಮನೆಯವರಿಗೂ ತಿಳಿದಿರಬೇಕಾದದ್ದಿದೆ. ನೋವು ಬಂದಾಗ ಓಡಾಡುವವರನ್ನು ಹಿಡಿದು ಮಲಗಿಸಬೇಡಿ. ನೋವಿನ ದಿನಗಳಲ್ಲಿ ಒಂದು ಗುಟುಕು ಸೆರೆಯೂ ತಾಸಿನೊಳಗೆ ನೋವು ಎಬ್ಬಿಸಬಹುದು. ಬಿಡುವೇ ಇಲ್ಲದ ನೋವಿನಲ್ಲಿ ‘ಈ ಜೀವಾನೇ ಸಾಕು’ ಅನ್ನುವ ಮಾತು ಬಂದರೆ ನಾಟಕವೆಂದು ತಳ್ಳಿಹಾಕಬೇಡಿ, ಜೊತೆಗಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕಾಯಿಲೆಯ ಹೆಸರು ಖಚಿತವಾದ ದಿನವೇ ತಜ್ಞರಿಂದ ಒಂದು ಚೀಟಿ ಬರೆಸಿಕೊಳ್ಳಿ: ಕ್ಲಸ್ಟರ್ ತಲೆನೋವು, ನೋವು ಬಂದಾಗ 100% ಆಮ್ಲಜನಕ, ನಿಮಿಷಕ್ಕೆ 12 ಲೀಟರ್, ನಾನ್-ರೀಬ್ರೀದರ್ ಮಾಸ್ಕ್, 15 ನಿಮಿಷ, ಆಕ್ಸಿಮೀಟರ್ ಸರಿಯಿದ್ದರೂ ಕೊಡಿ. ಒಂದು ಪ್ರತಿಯನ್ನು ಹಗಲು ಹೊತ್ತಿನಲ್ಲೇ ಒಯ್ದು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದವರಿಗೆ ತೋರಿಸಿ ಬನ್ನಿ. ನಡುರಾತ್ರಿ ಕಣ್ಣು ಹಿಡಿದುಕೊಂಡು ಬಂದವನಿಗೆ ಇಷ್ಟನ್ನೆಲ್ಲ ಬಿಡಿಸಿ ಹೇಳುವ ತ್ರಾಣ ಇರುವುದಿಲ್ಲ.