ಸಾಲಿನಲ್ಲಿ ನಿಂತವರಿಗೆ ಇನ್ನೊಂದು ಬಾಗಿಲು

‘ಹುಡುಗ ಬುದ್ಧಿವಂತನೇ. ಆದರೆ ಕೂತ ಕಡೆ ಕೂರುವುದಿಲ್ಲ, ಹಿಡಿದ ಕೆಲಸ ಮುಗಿಸುವುದಿಲ್ಲ.’

ಶಾಲೆಯ ಪೋಷಕರ ಸಭೆಯಲ್ಲಿ ಈ ಮಾತು ಕೇಳದ ತಂದೆತಾಯಿ ವಿರಳ. ಬಹಳಷ್ಟು ಮಕ್ಕಳಲ್ಲಿ ಇದು ವಯಸ್ಸಿಗೆ ಸಹಜವಾದ ತುಂಟತನ. ಕೆಲವರಲ್ಲಿ ಮಾತ್ರ ಇದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ. ರಕ್ತಪರೀಕ್ಷೆಯಿಂದಾಗಲೀ ಸ್ಕ್ಯಾನಿಂಗ್‌ನಿಂದಾಗಲೀ ಇದನ್ನು ಪತ್ತೆ ಮಾಡಲಾಗದು. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಇದ್ದವೇ, ಮನೆಯಲ್ಲೂ ಶಾಲೆಯಲ್ಲೂ ಕಾಣುತ್ತಿವೆಯೇ, ಓದಿಗೂ ಬದುಕಿಗೂ ಅಡ್ಡಿಯಾಗಿವೆಯೇ ಎಂದು ತಜ್ಞರು ಕೂಲಂಕಷವಾಗಿ ವಿಚಾರಿಸಿ ತೀರ್ಮಾನಿಸಬೇಕು.

ಆ ತಜ್ಞರ ಭೇಟಿಯೇ ಸಿಗದಿದ್ದರೆ? ಇಂಗ್ಲೆಂಡಿನ ಸಾವಿರಾರು ಮನೆಗಳನ್ನು ಕಾಡುತ್ತಿರುವ ಪ್ರಶ್ನೆ ಇದು.

ಮುಗಿಯದ ಸಾಲು

೧೯೪೮ರ ಜುಲೈ ೫ರಂದು ಆರಂಭವಾದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ‘ಎನ್.ಎಚ್.ಎಸ್.’ ಎಂದೇ ಪ್ರಸಿದ್ಧ. ವೈದ್ಯರ ಫೀಜು ಕೊಡಬೇಕಿಲ್ಲ. ಆದರೆ ನಮ್ಮಲ್ಲಿಯಂತೆ ನೇರವಾಗಿ ತಜ್ಞರ ಬಾಗಿಲು ತಟ್ಟುವಂತಿಲ್ಲ. ಮೊದಲು ‘ಜಿ.ಪಿ.’ ಎನ್ನುವ ಕುಟುಂಬ ವೈದ್ಯರನ್ನು ಕಾಣಬೇಕು. ಅವರು ಶಿಫಾರಸು ಪತ್ರ ಬರೆದ ಮೇಲೆ ಸ್ಥಳೀಯ ಸೇವೆಯ ಸಾಲಿನಲ್ಲಿ ಕಾಯಬೇಕು. ೨೦೨೫ರ ಮಾರ್ಚ್ ಕೊನೆಗೆ ಇಂಗ್ಲೆಂಡಿನಲ್ಲಿ ಎಡಿಎಚ್‌ಡಿ ತಪಾಸಣೆಗೆ ಕಾದಿದ್ದವರ ಸಂಖ್ಯೆ ೫,೪೯,೦೦೦ದವರೆಗೆ ಇರಬಹುದೆಂದು ಎನ್.ಎಚ್.ಎಸ್. ಅಂದಾಜು ಮಾಡಿತ್ತು.

ಹದಿನಾಲ್ಕರ ಹುಡುಗಿಯೊಬ್ಬಳು ಎರಡು ವರ್ಷ ಕಾಯಬೇಕಾಯಿತೆನ್ನಿ. ನಮ್ಮ ಎಸ್ಸೆಸ್ಸೆಲ್ಸಿಗೆ ಸಮನಾದ ಜಿ.ಸಿ.ಎಸ್.ಇ. ಪರೀಕ್ಷೆ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಕಳೆದ ಶಾಲಾ ವರ್ಷಗಳನ್ನು ಮರಳಿ ಕೊಡುವವರು ಯಾರು?

ಕೇಳಿದರೆ ಸಿಗುವ ಹಕ್ಕು

ಅಲ್ಲಿನ ಎಷ್ಟೋ ಮಂದಿಗೆ ತಿಳಿಯದ ಸೌಲಭ್ಯವೊಂದಿದೆ: ಆಯ್ಕೆಯ ಹಕ್ಕು. ತಜ್ಞರ ಮೊದಲ ಭೇಟಿಗೆ ಎಲ್ಲಿಗೆ ಹೋಗಬೇಕೆಂದು ರೋಗಿಯೇ ಆರಿಸಿಕೊಳ್ಳುವ ಈ ಕಾನೂನುಬದ್ಧ ಹಕ್ಕು ೨೦೦೯ರಲ್ಲಿ ಜಾರಿಗೆ ಬಂತು; ೨೦೧೪ರಲ್ಲಿ ಮಾನಸಿಕ ಆರೋಗ್ಯ ಸೇವೆಗಳಿಗೂ ವಿಸ್ತರಿಸಿತು. ಎಡಿಎಚ್‌ಡಿ ತಪಾಸಣೆಯೂ ಇದರಲ್ಲಿ ಸೇರಿದೆ. ಇಂಗ್ಲೆಂಡಿನ ಯಾವುದೇ ಪ್ರದೇಶದ ಎನ್.ಎಚ್.ಎಸ್. ಮಂಡಳಿಯೊಂದಿಗೆ ಈ ಸೇವೆಗೆ ಕರಾರು ಮಾಡಿಕೊಂಡಿರುವ ಸಂಸ್ಥೆಯನ್ನು ಆರಿಸಬಹುದು. ಅದು ಖಾಸಗಿಯದೇ ಆದರೂ ಖರ್ಚು ಎನ್.ಎಚ್.ಎಸ್.ನದು, ರೋಗಿಯದಲ್ಲ.

ಷರತ್ತುಗಳೂ ಇವೆ. ತಪಾಸಣೆ ಅಗತ್ಯವೆಂದು ಜಿ.ಪಿ.ಗೆ ಮನವರಿಕೆಯಾಗಬೇಕು, ಆರಿಸಿದ ಸಂಸ್ಥೆ ರೋಗಿಯ ಸ್ಥಿತಿಗೆ ತಕ್ಕುದಾಗಿರಬೇಕು. ತುರ್ತು ಚಿಕಿತ್ಸೆಗೆ ಈ ಹಕ್ಕು ಅನ್ವಯಿಸದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಈ ವ್ಯವಸ್ಥೆ ಇಲ್ಲ.

ತಪಾಸಣೆಯ ನಂತರ?

ಬಹುಮಂದಿ ಎಡವುವುದು ಇಲ್ಲೇ. ಬೇಗ ವರದಿ ಸಿಕ್ಕಿತೆಂದರೆ ಬೇಗ ಚಿಕಿತ್ಸೆ ಸಿಕ್ಕಿತೆಂದಲ್ಲ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ನಂಥ ಔಷಧಿಗಳು ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವಂಥವು. ತಜ್ಞರು ಅವನ್ನು ಆರಂಭಿಸಿ, ಪ್ರಮಾಣ ಹೊಂದಿಸಿದ ಮೇಲೆ ಮುಂದಿನ ಚೀಟಿ ಬರೆಯುವ ಹೊಣೆಯನ್ನು ಜಿ.ಪಿ.ಗೆ ಒಪ್ಪಿಸುವುದು ವಾಡಿಕೆ. ಆದರೆ ಈ ಜಂಟಿ ಹೊಣೆಯನ್ನು ಜಿ.ಪಿ. ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ. ಅವರು ಒಲ್ಲೆ ಎಂದರೆ ರೋಗಿ ನಡುನೀರಿನಲ್ಲಿ ಸಿಕ್ಕಿಕೊಳ್ಳಬಹುದು.

ಆದ್ದರಿಂದ ಸಂಸ್ಥೆಯನ್ನು ಆರಿಸುವ ಮೊದಲೇ ಕೇಳಿ ತಿಳಿಯಬೇಕಾದವು ನಾಲ್ಕು. ಈಗ ಎಷ್ಟು ತಿಂಗಳು ಕಾಯಬೇಕು? ನಮ್ಮ ಮಗುವಿನ ವಯಸ್ಸಿನವರನ್ನು ನೋಡುತ್ತೀರಾ? ಔಷಧಿಯನ್ನು ನೀವೇ ಆರಂಭಿಸುತ್ತೀರಾ? ಜಿ.ಪಿ. ಒಪ್ಪದಿದ್ದರೆ ಚಿಕಿತ್ಸೆ ಮುಂದುವರಿಸುತ್ತೀರಾ? ಕೊನೆಯ ಪ್ರಶ್ನೆಯನ್ನು ಜಿ.ಪಿ.ಯ ಬಳಿಯೂ ಮುಂಚಿತವಾಗಿ ಪ್ರಸ್ತಾಪಿಸುವುದು ಜಾಣತನ.

ನಮ್ಮ ವಿದ್ಯಾರ್ಥಿಗಳಿಗೆ

ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಲೀಡ್ಸ್, ಮ್ಯಾಂಚೆಸ್ಟರ್‌ಗಳಿಗೆ ಓದಲು ಹೊರಟವರಿಗೂ ಇದು ಸಂಬಂಧಿಸಿದ್ದೇ. ದೀರ್ಘಾವಧಿ ವ್ಯಾಸಂಗದ ವೀಸಾಕ್ಕೆ ಆರೋಗ್ಯ ಶುಲ್ಕ ಕಟ್ಟಲೇಬೇಕು. ೨೦೨೪ರ ಫೆಬ್ರವರಿಯಲ್ಲಿ ಅದನ್ನು ವಿದ್ಯಾರ್ಥಿಗಳಿಗೆ ವರ್ಷಕ್ಕೆ ೭೭೬ ಪೌಂಡಿಗೆ ಏರಿಸಲಾಯಿತು. ಇಷ್ಟು ಕಟ್ಟಿಯೂ ಜಿ.ಪಿ. ಬಳಿ ಹೆಸರು ನೋಂದಾಯಿಸದೆ ಇರುವುದು ಜಾಣತನವಲ್ಲ. ಹೋದ ಮೊದಲ ವಾರಗಳಲ್ಲೇ ಆ ಕೆಲಸ ಮುಗಿಸಿ. ಊರಿನಲ್ಲಿ ತಪಾಸಣೆಯಾಗಿದ್ದರೆ ವರದಿ ಮತ್ತು ಔಷಧಿ ಚೀಟಿ ಒಯ್ಯಿರಿ. ಆಗಿರದಿದ್ದರೂ ಪ್ರಾಥಮಿಕ ಶಾಲೆಯ ಪ್ರಗತಿ ಪತ್ರಗಳನ್ನು ಬಿಸಾಡಬೇಡಿ. ‘ಗಮನ ಸಾಲದು’ ಎಂದು ಮೇಷ್ಟರು ಅಂದು ಬರೆದ ಒಂದು ಸಾಲು ತಜ್ಞರಿಗೆ ಬಾಲ್ಯದ ಸಾಕ್ಷಿಯಾದೀತು.

ಜಿ.ಪಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಒಪ್ಪಿಗೆಯಾಗದಿದ್ದರೆ ಪ್ರದೇಶದ ಮಂಡಳಿಗೆ ದೂರಬಹುದು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ ನಮ್ಮ ಹಿರಿಯರು. ಹಕ್ಕಿನ ವಿಷಯದಲ್ಲೂ ಅಷ್ಟೇ. ಕೇಳುವವರಿಗಷ್ಟೇ ಅದು ದಕ್ಕುತ್ತದೆ.