ಕಣ್ಗಾಪಿನೊಳಗಿನ ಕಿರುಗಾಳಿ

ಟೋಕಿಯೊ ನಗರದ ಮಗ್ಗುಲಿಗಿರುವ ಚಿಬಾ ಪ್ರಾಂತದ ಅಡವಿಯಂಚುಗಳಲ್ಲಿ, ರಜಾದಿನಗಳಂದು, ಸೈನಿಕರ ವೇಷ ತೊಟ್ಟ ಗುಮಾಸ್ತರೂ ವಿದ್ಯಾರ್ಥಿಗಳೂ ಎರಡು ಪಕ್ಷಗಳಾಗಿ ಹಂಚಿಹೋಗಿ, ಮರದ ಮರೆಯಿಂದ ಮರದ ಮರೆಗೆ ಓಡುತ್ತ, ಒಬ್ಬರ ಮೇಲೊಬ್ಬರು ಪ್ಲಾಸ್ಟಿಕ್ ಗುಂಡುಗಳನ್ನು ಹಾರಿಸುವ ನೋಟವನ್ನು ಕಾಣಬಹುದು. ಏರ್‌ಸಾಫ್ಟ್ ಎಂದು ಲೋಕವೂ ‘ಸಬಾಗೇ’ ಎಂದು ಜಪಾನೀಯರೂ ಕರೆಯುವ ಈ ಕ್ರೀಡೆ, ನಿಜವಾದ ಬಂದೂಕನ್ನು ಜನಸಾಮಾನ್ಯರ ಕೈಗೆ ಸುಲಭವಾಗಿ ದೊರಕಗೊಡದ ಆ ದೇಶದ ಕಾನೂನಿನಿಂದಲೇ ಬೆಳೆದು ಬಂದಿತೆಂಬುದು ಸ್ವಾರಸ್ಯದ ಸಂಗತಿ. ಗುಂಡಿನ ವ್ಯಾಸ 6 ಮಿಲಿಮೀಟರ್. ತೂಕ ಸಾಧಾರಣವಾಗಿ 0.2 ಗ್ರಾಂ, ಅದರ ಶಕ್ತಿ 0.98 ಜೂಲಿನ ಆಚೆಗೆ ಹೋಗಕೂಡದೆಂದು 2006ರಲ್ಲಿ ಅಲ್ಲಿ ಕಾನೂನೇ ಆಯಿತು. ಅಷ್ಟು ಹಗುರವಾದ ಗುಂಡಿಗೆ ಅಷ್ಟು ಶಕ್ತಿಯೆಂದರೆ ಸೆಕೆಂಡಿಗೆ 99 ಮೀಟರ್ ವೇಗ. ತೊಡೆಗೆ ತಾಗಿದರೆ ಚುರುಕ್ಕೆಂದು ಒಂದು ಕೆಂಪು ಗುರುತು, ಕಣ್ಣಿಗೆ ತಾಗಿದರೆ ದೃಷ್ಟಿಗೇ ಸಂಚಕಾರ.

ಆದಕಾರಣವೇ ಆಟಗಾರನಿಗೆ ಗಾಗಲ್ಸ್ ಅನಿವಾರ್ಯ. ಯುರೋಪಿನ ಇಎನ್ 166 ಎಂಬ ಮಾನದಂಡದಲ್ಲಿ ‘ಬಿ’ ಗುರುತನ್ನು ಪಡೆಯಬೇಕಾದ ಕಣ್ಗಾಪು, 6 ಮಿಲಿಮೀಟರ್ ವ್ಯಾಸದ ಉಕ್ಕಿನ ಗೋಲಿಯ ಪೆಟ್ಟನ್ನು ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ತಾಳಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿದರೆ ಆ ಪೆಟ್ಟು ಜಪಾನಿನ ಮಿತಿಯ ಆರು ಮಡಿಗೂ ಮಿಗಿಲು. ನಾವು ರೂಢಿಯಿಂದ ‘ಗಾಜು’ ಎನ್ನುವ ಆ ಪಾಲಿಕಾರ್ಬೊನೇಟ್ ಹಾಳೆಗೆ ಇಷ್ಟು ಸತ್ತ್ವವಿದ್ದರೂ, ಅದರ ಒಳಮೈಗೆ ಹಬೆ ಕಟ್ಟಿತೆಂದರೆ ಆ ಸತ್ತ್ವವೆಲ್ಲ ವ್ಯರ್ಥ; ಏಕೆಂದರೆ ಕಣ್ಣು ಕಾಣದವನ ಕೈ ತಾನಾಗಿಯೇ ಹಣೆಯತ್ತ ಹೋಗಿ, ಆಟದ ಬಯಲಿನಲ್ಲಿ ಎಂದಿಗೂ ಎತ್ತಕೂಡದ ಗಾಗಲ್ಸನ್ನು ಅರೆಕ್ಷಣವಾದರೂ ಎತ್ತಿಬಿಡುತ್ತದೆ.

ಹಬೆ ಏಕೆ ಕಟ್ಟುತ್ತದೆ? ಗಾಳಿ ತಣ್ಣಗಾದಷ್ಟೂ ಅದು ಹಿಡಿದಿಡಬಲ್ಲ ನೀರಾವಿ ಕಡಮೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲುದು. 5 ಡಿಗ್ರಿಯಲ್ಲಿ ಅದರ ಶಕ್ತಿ 7 ಗ್ರಾಮಿಗೂ ಕಡಮೆ. ಮುಖದ ಬೆವರು ಆರಿ ಆವಿಯಾಗಿ ಕಣ್ಣಿನ ಮುಂದಣ ಕಿರುಕೋಣೆಯನ್ನು ತುಂಬಿಕೊಳ್ಳುತ್ತದೆ; ಅಲ್ಲಿಯ ಗಾಳಿ, ಹೊರಗಿನ ಚಳಿಗೆ ತಣಿದ ಗಾಜನ್ನು ಮುಟ್ಟಿದೊಡನೆ, ಹೊರಲಾರದ ಭಾರವನ್ನು ಅಲ್ಲಿಯೇ ಹನಿಹನಿಯಾಗಿ ಇಳಿಸಿಬಿಡುತ್ತದೆ. ಬಾಯಿಗೆ ಮಾಸ್ಕ್ ಕಟ್ಟಿಕೊಂಡು ತಿರುಗಿದ ಕೊರೊನಾ ಕಾಲದಲ್ಲಿ ಕನ್ನಡಕಧಾರಿಗಳೆಲ್ಲರೂ ಈ ಪಾಠವನ್ನು ಕಲಿತವರೇ.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಹಿಮದ ಮೇಲೆ ಜಾರುವ ಆಟದವರೂ ಉಂಟು. 1965ರಲ್ಲಿ ಅಮೆರಿಕದ ದಂತವೈದ್ಯ ಬಾಬ್ ಸ್ಮಿತ್, ಎರಡು ಗಾಜುಗಳ ನಡುವೆ ಗಾಳಿಯ ಪದರವನ್ನು ಬಂಧಿಸಿ, ಅಂಚಿಗೆ ಗಾಳಿಯಾಡುವ ಸ್ಪಂಜನ್ನು ಕೂರಿಸಿ ಸ್ಕೀ ಗಾಗಲ್ಸ್ ಮಾಡಿದರು. ಒಳಗಾಜು ಬೆಚ್ಚಗೆ ಉಳಿಯಿತಾಗಿ ಹಬೆ ಹಿಂಜರಿಯಿತು. ಹನಿಗಳನ್ನು ತೆಳುವಾದ ನೀರಿನ ಪೊರೆಯಾಗಿ ಹರಡಿಬಿಡುವ ಲೇಪಗಳೂ ಉಂಟು. ಇವೆರಡನ್ನು ಕೊಂಡ ಮೇಲೆಯೂ ಹಬೆ ಕಾಡಿದರೆ ಮಾತ್ರ, ಗಾಗಲ್ಸಿಗೆ ಜೋಡಿಸುವ ಬ್ಯಾಟರಿಯ ಕಿರುಫ್ಯಾನಿನ ಮಾತು ತೆಗೆಯಬೇಕೆಂದು ನನ್ನ ಅಭಿಪ್ರಾಯ. ಬ್ಯಾಟರಿ ಮುಗಿದ ಗಳಿಗೆಯಲ್ಲಿ ಕಾಯುವವು ಇವೇ ತಾನೆ!

ಫ್ಯಾನು ಹಬೆಯನ್ನು ಒರಸುವುದಿಲ್ಲ; ಒಳಗಿನ ಗಾಳಿಯ ಸ್ಥಾನಕ್ಕೆ ಹೊರಗಿನ ಗಾಳಿಯನ್ನು ತರುತ್ತದೆ, ಅಷ್ಟೇ. ಮುಖದ ಕಾವಿರುವುದರಿಂದ ಗಾಜು ಸಾಮಾನ್ಯವಾಗಿ ಹೊರಗಾಳಿಗಿಂತ ತಂಪಾಗಿರದಷ್ಟೆ. ಹೀಗಾಗಿ ಒಳಗೆ ಹೊರಗಾಳಿಯೇ ತುಂಬಿದ್ದರೆ ಹಬೆಗೆ ಎಡೆಯೇ ಇಲ್ಲ. ಆದರೆ ಎಷ್ಟು ಗಾಳಿ ಬೇಕೆಂಬಲ್ಲಿ ಒಂದು ವೈಚಿತ್ರ್ಯವಿದೆ. ಚಳಿಗಾಲದ 5 ಡಿಗ್ರಿಯಲ್ಲಿ, ಅರ್ಧ ತೇವದ ಗಾಳಿ ಘನಮೀಟರಿಗೆ ಇನ್ನೂ ಸುಮಾರು 3.4 ಗ್ರಾಂ ಆವಿಯನ್ನು ಹೊರಬಲ್ಲುದು. ಜೂನ್‌-ಜುಲೈಯಲ್ಲಿ ಜಪಾನಿನ ಮಳೆಗಾಲ ಕಾಲಿಟ್ಟಾಗ, 26 ಡಿಗ್ರಿಯಲ್ಲಿ ನೂರಕ್ಕೆ 90ರಷ್ಟು ತೇವ ತುಂಬಿದ ಗಾಳಿಗೆ ಉಳಿದಿರುವ ಎಡೆ 2.4 ಗ್ರಾಂ ಮಾತ್ರ. ಬೆವರೋ ಆಗಲೇ ಹೆಚ್ಚು. ಚಳಿಯಲ್ಲಿ ಫ್ಯಾನು ಚೆನ್ನಾಗಿ ನಡೆಯಿತೆಂದು ಹಿಗ್ಗಿದವನು ಮಳೆಗಾಲದಲ್ಲಿ ಅದನ್ನೇ ಶಪಿಸುವುದು ಈ ಕಾರಣದಿಂದ. ವೇಗವನ್ನು ಹೆಚ್ಚು ಕಡಮೆ ಮಾಡುವ ಗುಂಡಿಯುಳ್ಳ ಫ್ಯಾನನ್ನು ಆರಿಸಬೇಕೆನ್ನುವುದಕ್ಕೂ ಇದೇ ಕಾರಣ.

ಇನ್ನು ಗಾಳಿಯ ದಾರಿ. ಕೊಳ್ಳುವವರು ಫ್ಯಾನಿನ ಬಲವನ್ನು ಕೇಳುತ್ತಾರೆಯೇ ಹೊರತು, ಅದು ಎಲ್ಲಿಂದ ಎಳೆದು ಎಲ್ಲಿಗೆ ಬಿಡುತ್ತದೆಂಬುದನ್ನು ಕೇಳುವವರು ವಿರಳ. ಒಳಕ್ಕೆ ಊದುವ ಫ್ಯಾನು ಧೂಳನ್ನು ಕಣ್ಣಿಗೆ ಎರಚಿ ಕಣ್ಣೀರನ್ನು ಆರಿಸುವುದರಿಂದ, ಹಣೆಯ ಕಡೆ ಕುಳಿತು ಒಳಗಿನ ಗಾಳಿಯನ್ನು ಹೊರಕ್ಕೆ ಸೆಳೆಯುವುದೇ ಉತ್ತಮ. ಆದರೆ ಸೆಳೆದ ಗಾಳಿಗೆ ಬದಲಾಗಿ ಬರುವುದು ಯಾವುದು? ಹಲ್ಲನ್ನು ಕಾಪಾಡಲೆಂದು ಆಟಗಾರ ಕೆಳಮುಖಕ್ಕೆ ಮಾಸ್ಕ್ ತೊಟ್ಟಿರುತ್ತಾನೆ. ಅದರೊಳಗಿನ ಬಿಸಿಯುಸಿರು ಮೂಗಿನ ಎರಡು ಮಗ್ಗುಲಿನಿಂದ ಮೇಲೇರುತ್ತದೆ. ಗಾಗಲ್ಸಿನ ಕೆಳಗಂಡಿಗಳು ಬಾಯ್ದೆರೆದಿದ್ದರೆ, ಫ್ಯಾನು ಬಲವಾದಷ್ಟೂ ಆ ಉಸಿರನ್ನೇ ಗಾಜಿನ ಒಳಮೈಗೆ ಎಳೆದು ತಂದು ಹಬೆಯನ್ನು ಹೆಚ್ಚಿಸುತ್ತದೆ. ಹಣ ಕೊಟ್ಟು ಹಬೆಯನ್ನು ಕೊಂಡಂತಾಯಿತು! ಮೂಗಿನ ಬಳಿ ಸ್ಪಂಜು ಒತ್ತಾಗಿ ಕುಳಿತು, ಪಕ್ಕದ ಗಂಡಿಗಳಿಂದ ಗಾಳಿ ಒಳಬರುವಂತಿದ್ದರೆ, ಸಣ್ಣ ಫ್ಯಾನೂ ಸಾಕು. ಒಳಗಿನ ಎಡೆ ಕಾಲು ಲೀಟರಿನಷ್ಟೂ ಇಲ್ಲದಿರುವಲ್ಲಿ, ನಿಮಿಷಕ್ಕೆ 10 ಲೀಟರ್ ಗಾಳಿ ಹರಿದರೂ ಅಲ್ಲಿಯ ಗಾಳಿ 40 ಸಲ ಬದಲಾಯಿತೆಂದೇ ಲೆಕ್ಕ.

ನೇರವಾಗಿ ಬೀಸುವ ಸಾಧಾರಣ ಫ್ಯಾನು ಬಯಲಿನಲ್ಲಿ ಶೂರ, ಸ್ಪಂಜಿನ ತಡೆಯೆದುರು ದುರ್ಬಲ. ಬದಿಗೆ ತಳ್ಳುವ ಬ್ಲೋವರ್ ಬಗೆಯದು ತಡೆಯನ್ನು ಮೀರಬಲ್ಲುದು, ಆದರೆ ಅದರ ಗುಂಯ್ಗುಡುವ ದನಿ ಹೆಚ್ಚು. ಪೊದೆಯಾಚೆಯ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಡಬೇಕಾದ ಆಟದಲ್ಲಿ ಅದು ಸಣ್ಣ ದೋಷವೇನಲ್ಲ. ಕಿವಿಯ ಹತ್ತಿರ ಹಿಡಿದು ಕೇಳದೆ ಕೊಳ್ಳಬಾರದು. ವಿದ್ಯುತ್ತಿನ ಚಿಂತೆ ಮಾತ್ರ ಅಷ್ಟಾಗಿ ಬೇಡ. 5 ವೋಲ್ಟಿನಲ್ಲಿ 0.1 ಆಂಪಿಯರ್ ಎಳೆಯುವ ಫ್ಯಾನಿಗೆ ಬೇಕಾದುದು ಅರ್ಧ ವಾಟ್. 3000 ಮಿಲಿಆಂಪಿಯರ್-ಗಂಟೆಯ ಒಂದು ಲಿಥಿಯಂ ಸೆಲ್ಲು, ನಷ್ಟವನ್ನು ಕಳೆದೂ, ಒಂದು ಹಗಲಿಗೆ ಧಾರಾಳ. ಅದನ್ನು ಹೆಲ್ಮೆಟ್ಟಿನ ಹಿಂಬದಿಗೆ ಕಟ್ಟಿದರೆ ಮುಂಭಾರವೂ ಸರಿದೂಗುತ್ತದೆ; ವೈರು ಕೊಂಬೆಗೆ ಸಿಕ್ಕಿದರೆ ಗಾಗಲ್ಸನ್ನೇ ಕಿತ್ತೆಳೆಯದೆ ತಾನೇ ಕಳಚಿಕೊಳ್ಳುವಂತಿರಬೇಕು.

ಮನೆಯಲ್ಲಿಯೇ ಫ್ಯಾನು ಜೋಡಿಸಲು ಹೊರಟವರು ಗಾಜಿಗೆ ತೂತು ಕೊರೆಯಲೇಕೂಡದು. ಕೊರೆದ ಗಾಜು ಪರೀಕ್ಷೆಗೆ ಒಳಪಟ್ಟ ಗಾಜಲ್ಲ, ಬಿರುಕು ಆ ತೂತಿನಿಂದಲೇ ಮೊದಲಾಗುತ್ತದೆ. ಫ್ಯಾನಿಗಾಗಿ ಚೌಕಟ್ಟಿನಲ್ಲಿ ತೆರೆದ ಗಂಡಿಯಿಂದ ಗುಂಡಾಗಲಿ, ಒಡೆದ ಗುಂಡಿನ ಚೂರಾಗಲಿ ನೇರವಾಗಿ ನುಸುಳದಂತೆ ಅಡ್ಡತಡೆ ಇರಬೇಕು.

ಫ್ಯಾನನ್ನು ನಿಲ್ಲಿಸಿಡಬೇಕಾದ ಒಂದು ಸಂದರ್ಭವೂ ಉಂಟು. ಏಸಿ ಹಾಕಿದ ಕಾರಿನಲ್ಲಿ ತಣ್ಣಗೆ ಕುಳಿತು ಬಂದ ಗಾಗಲ್ಸನ್ನು ಮಳೆಗಾಲದ ಬಯಲಿನಲ್ಲಿ ತೊಟ್ಟಾಗ, ಗಾಜು ಹೊರಗಾಳಿಗಿಂತ ತಂಪಾಗಿರುವುದರಿಂದ, ಮೇಲೆ ಹೇಳಿದ ಲೆಕ್ಕವೆಲ್ಲ ತಲೆಕೆಳಗಾಗಿ, ಫ್ಯಾನು ತರುವ ತೇವದ ಗಾಳಿಯೇ ಗಾಜಿನ ಮೇಲೆ ಹನಿಗಟ್ಟತೊಡಗುತ್ತದೆ. ಆಟ ಮೊದಲಾಗುವ ಮುನ್ನ, ಗುಂಡು ಹಾರದ ಸುರಕ್ಷಿತ ಆವರಣದಲ್ಲಿ, ಗಾಜು ಹೊರಗಿನ ಬಿಸುಪಿಗೆ ಬರುವವರೆಗೆ ಗಾಗಲ್ಸನ್ನು ಮೇಜಿನ ಮೇಲೆ ಹಾಗೆಯೇ ಇರಿಸಿದರೆ ಸಾಕು.